ಅಂಚೆ ಚೀಟಿ ಮೇಲೆ ಒಂದು ಗಾಳ

ಮೊದಲು ಎರಡನೇ ಫೋಟೋ ನೋಡ್ಕೊಂಡು ಬನ್ನಿ. 1991ರ ಅಮೆರಿಕದ ಅಂಚೆ ಚೀಟಿ, ಬೆಲೆ 29 ಸೆಂಟ್. ಅದರ ಮೇಲಿರೋದು ಯಾವುದೋ ಹಕ್ಕಿಯ ಗರಿ ಅಂದ್ಕೊಂಡ್ರಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಅದು ಮೀನು ಹಿಡಿಯೋ ಗಾಳ. ಹೆಸರು 'ಲೆಫ್ಟೀಸ್ ಡಿಸೀವರ್', ಅಂದ್ರೆ ಲೆಫ್ಟಿಯ ಮೋಸಗಾರ. ಈ ವಾರದ ಕಥೆ ಆ ಲೆಫ್ಟಿಯದು.

ಪೂರ್ತಿ ಹೆಸರು ಬರ್ನಾರ್ಡ್ ವಿಕ್ಟರ್ ಕ್ರೇ. ಹುಟ್ಟಿದ್ದು 1925ರಲ್ಲಿ, ಮೇರಿಲ್ಯಾಂಡ್ ರಾಜ್ಯದ ಫ್ರೆಡರಿಕ್ ಊರಲ್ಲಿ. ಆರು ವರ್ಷಕ್ಕೇ ಅಪ್ಪ ಇಲ್ಲ. ಅಮ್ಮನ ಮೇಲೆ ನಾಲ್ಕು ಮಕ್ಕಳ ಭಾರ, ಅದೂ ಅಮೆರಿಕದಲ್ಲಿ ಯಾರಿಗೂ ಕೆಲಸ ಸಿಗದ ಆ ಮೂವತ್ತರ ದಶಕದಲ್ಲಿ. ಹುಡುಗ ಹೊಳೆಯಲ್ಲಿ ಕ್ಯಾಟ್‌ಫಿಶ್ ಹಿಡಿದು ಮಾರಿ, ಆ ದುಡ್ಡಲ್ಲಿ ಶಾಲೆಗೆ ಬಟ್ಟೆ ಕೊಳ್ಳುತ್ತಿದ್ದ. ಮುಂದೆ ಎರಡನೇ ಮಹಾಯುದ್ಧಕ್ಕೆ ಹೋಗಿ, ಬೆಲ್ಜಿಯಂ ಕಡೆಯ ಹಿಮದಲ್ಲಿ ನಡೆದ 'ಬಲ್ಜ್' ಕದನ ನೋಡಿ, ಜೀವಂತ ವಾಪಸ್ ಬಂದ.

ಇಲ್ಲಿಂದ ಕಥೆ ಶುರು. 1947. ಪೊಟೊಮ್ಯಾಕ್ ನದಿ, ಹಾರ್ಪರ್ಸ್ ಫೆರಿ ಹತ್ತಿರ. ಜೋ ಬ್ರೂಕ್ಸ್ ಅನ್ನೋ ಪತ್ರಿಕಾ ಬರಹಗಾರರನ್ನ ಲೆಫ್ಟಿ ಮೀನು ಹಿಡಿಯೋಕೆ ಕರ್ಕೊಂಡು ಹೋಗಿದ್ರು. ಆವತ್ತು ರೆಕ್ಕೆ ಬಂದ ಇರುವೆಗಳು ನದಿ ದಾಟೋವಾಗ ರಾಶಿ ರಾಶಿ ನೀರಿಗೆ ಬೀಳ್ತಿದ್ವು. ಮೀನುಗಳಿಗೆ ಹಬ್ಬ. ಬ್ರೂಕ್ಸ್ ಕೋಲು ಬೀಸಿದಾಗೆಲ್ಲ ಒಂದೊಂದು ಮೀನು ಮೇಲೆ ಬರ್ತಿತ್ತು. ಲೆಫ್ಟಿ ಬಾಯಿ ಬಿಟ್ಟು ನೋಡಿದ್ರು. ಆಮೇಲೆ ಬಾಲ್ಟಿಮೋರ್‌ಗೆ ಹೋಗಿ ಅಂಥದೇ ಕೋಲು ಕೊಂಡ್ರು. ಮೊದಲ ಪಾಠ ಹೇಳಿಕೊಟ್ಟಿದ್ದು ಬ್ರೂಕ್ಸ್ ಅವರೇ.

ಒಂದು ನಿಮಿಷ, ಈ ಫ್ಲೈ ಫಿಶಿಂಗ್ ಏನು ಅಂತ ಹೇಳಿಬಿಡ್ತೀನಿ. ನಮ್ಮ ಕೆರೆ ದಂಡೆಯ ಗಾಳದಲ್ಲಿ ಎರೆಹುಳ ಇರುತ್ತೆ, ಸೀಸದ ಗುಂಡು ಇರುತ್ತೆ. ಆ ಭಾರವೇ ದಾರವನ್ನ ಎಳ್ಕೊಂಡು ಹೋಗುತ್ತೆ. ಫ್ಲೈ ಅಂದ್ರೆ ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಮಾಡಿದ ನಕಲಿ ಹುಳ. ಅದಕ್ಕೆ ತೂಕ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಇಲ್ಲಿ ಎಸೆಯೋದು ಗಾಳವನ್ನಲ್ಲ, ದಪ್ಪ ದಾರವನ್ನ. ಹಿಂದಕ್ಕೆ ಬೀಸಿ, ಅದು ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಂಡ ಮೇಲೆ ಮುಂದಕ್ಕೆ ಬೀಸಬೇಕು. ಜಾತ್ರೆಲಿ ಚಾಟಿ ಬೀಸೋರನ್ನ ನೋಡಿದ್ರೆ ಅಂದಾಜು ಸಿಗುತ್ತೆ.

ಆಗಿನ ಪಾಠ ಗಡಿಯಾರದ ಲೆಕ್ಕದಲ್ಲಿ ನಡೀತಿತ್ತು. ಕೋಲು ಗಡಿಯಾರದ ಮುಳ್ಳು ಅಂದ್ಕೊಳ್ಳಿ. ಒಂಬತ್ತು ಗಂಟೆಯಿಂದ ಒಂದು ಗಂಟೆವರೆಗೆ ಮಾತ್ರ ಆಡಿಸಬೇಕು, ಅದರಾಚೆ ಹೋಗಬಾರದು. ಬ್ರೂಕ್ಸ್ ಕಲಿಸಿದ್ದೂ ಇದನ್ನೇ. ಆದ್ರೆ ದೊಡ್ಡ ನದಿಯ ಗಾಳಿಲಿ, ದೊಡ್ಡ ಫ್ಲೈ ಕಟ್ಟಿ ಎಸೆಯುವಾಗ ಲೆಫ್ಟಿಗೆ ಇದು ಸಾಲಲಿಲ್ಲ. ಕೋಲನ್ನ ಇನ್ನೂ ಹಿಂದಕ್ಕೆ, ಹೆಚ್ಚುಕಡಿಮೆ ನೆಲಕ್ಕೆ ಸಮವಾಗಿ ಒಯ್ದು, ಮೈಯನ್ನೂ ಜೊತೆಗೆ ತಿರುಗಿಸಿ ನೋಡಿದ್ರು. ಕಡಿಮೆ ಶ್ರಮ, ಹೆಚ್ಚು ದೂರ. ಕೋಲು ಸಾಗೋ ದಾರಿ ಉದ್ದ ಆದಷ್ಟೂ ಅದು ನಿನ್ನ ಕೆಲಸ ಮಾಡಿಕೊಡುತ್ತೆ, ಕೊನೆಗೆ ತಟ್ಟನೆ ನಿಲ್ಲಿಸು, ದಾರ ಕೋಲಿನ ತುದಿ ತೋರಿಸಿದ ಕಡೆಗೇ ಹೋಗುತ್ತೆ. ಲೆಫ್ಟಿ ಪಾಠದ ತಿರುಳು ಇಷ್ಟೇ.

ಇದನ್ನ ಯಾಕೆ ಇಷ್ಟು ಎಳೀತಿದೀನಿ ಅಂದ್ರೆ, ನನಗೊಂದು ಹಳೇ ಸಿಟ್ಟಿದೆ. ಒಂದು ಅಕೌಂಟ್ಸ್ ಟೆಸ್ಟಲ್ಲಿ ನನ್ನ ಬ್ಯಾಲೆನ್ಸ್ ಶೀಟ್ ಪೈಸೆ ಬಿಡದೆ ಟ್ಯಾಲಿ ಆಗಿತ್ತು. ವರ್ಕಿಂಗ್ ನೋಟ್ ಬೋರ್ಡ್ ಮೇಲೆ ಹಾಕಿದ ಥರ ಇಲ್ಲ ಅಂತ ಅರ್ಧ ಮಾರ್ಕ್ಸ್ ಹೋಯ್ತು. ಲೆಫ್ಟಿ ತಮ್ಮ ಗುರುವಿನ ಗಡಿಯಾರವನ್ನೇ ಕಿತ್ತು ಹಾಕಿದ್ರು, 1974ರಲ್ಲಿ ತಮ್ಮ ವಿಧಾನದ ಮೇಲೆ ಪುಸ್ತಕವನ್ನೇ ಬರೆದ್ರು. ಆದ್ರೂ ಜೋ ಬ್ರೂಕ್ಸ್ ನನ್ನ ಗುರು ಅನ್ನೋದನ್ನ ಕೊನೇವರೆಗೂ ಬಿಡಲಿಲ್ಲ. ಎರಡೂ ಒಟ್ಟಿಗೆ ಸಾಧ್ಯ ಅನ್ನೋದು ನನಗೆ ಹೊಸದು.

ಈಗ ಸ್ವಲ್ಪ ಕಹಿ ವಿಷಯ. ಇದನ್ನ ಬಿಟ್ಟು ಬರೆದಿದ್ರೆ ಕಥೆ ಚೆನ್ನಾಗಿರ್ತಿತ್ತು, ಆದ್ರೆ ಸುಳ್ಳಾಗ್ತಿತ್ತು. ಯುದ್ಧದ ನಂತರ ಲೆಫ್ಟಿ ಹೊಟ್ಟೆಪಾಡಿಗೆ ಮಾಡಿದ್ದು ಫೋರ್ಟ್ ಡೆಟ್ರಿಕ್‌ನಲ್ಲಿ ಕೆಲಸ. ಅದು ಆಗ ಅಮೆರಿಕದ ಜೈವಿಕ ಅಸ್ತ್ರಗಳ ಕೇಂದ್ರವಾಗಿತ್ತು. ರೋಗಾಣು ಬೆಳೆಸೋ ಜಾಗ. ರಾತ್ರಿ ಪಾಳಿ, ಹಗಲೆಲ್ಲ ನದಿ. ಅಲ್ಲೇ ಅವರಿಗೆ ಆಂಥ್ರಾಕ್ಸ್ ತಗುಲಿತು. ಬದುಕಿಕೊಂಡ್ರು. ಅವರಿಂದ ಸಿಕ್ಕ ರೋಗಾಣು ತಳಿಗೆ ಬಿದ್ದ ಹೆಸರು 'ಬಿವಿಕೆ-1'. ಅವರದೇ ಇನಿಷಿಯಲ್ಸ್. ಒಂದೇ ಮನುಷ್ಯನ ಹೆಸರು ಒಂದು ಕಡೆ ಅಂಚೆ ಚೀಟಿ ಮೇಲೆ, ಇನ್ನೊಂದು ಕಡೆ ರೋಗಾಣುವಿನ ಮೇಲೆ. ಇದನ್ನ ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ.

1964ರಲ್ಲಿ ಆ ಕೆಲಸ ಬಿಟ್ಟು ಮಿಯಾಮಿಗೆ ಹೋದ್ರು, ಹಿಂದೆ ಬ್ರೂಕ್ಸ್ ನಡೆಸಿದ್ದ ಮೀನುಗಾರಿಕೆ ಟೂರ್ನಮೆಂಟನ್ನೇ ನಡೆಸೋಕೆ. ಆಮೇಲೆ ಪತ್ರಿಕೆ ಬರಹ, ಊರೂರು ತಿರುಗಿ ಪಾಠ, ಆಸ್ಟ್ರೇಲಿಯಾ, ನ್ಯೂಜಿಲ್ಯಾಂಡ್. 1959ರಲ್ಲೇ, ಅಂದ್ರೆ ಕ್ಯಾಸ್ಟ್ರೋ ಅಧಿಕಾರಕ್ಕೆ ಬಂದ ವರ್ಷವೇ, ಕ್ಯೂಬಾಗೆ ಹೋಗಿ ಹೆಮಿಂಗ್ವೇ ಜೊತೆ ಮೀನು ಹಿಡಿದು ಬಂದಿದ್ರು. ಪ್ರದರ್ಶನಗಳಲ್ಲಿ ಕೋಲಿನ ತುದಿಭಾಗ ಮಾತ್ರ ಹಿಡಿದು, ಕೆಲವೊಮ್ಮೆ ಬರೀ ಕೈಯಲ್ಲೇ ದಾರ ಬೀಸಿ ತೋರಿಸ್ತಿದ್ರು. ಅಂದಹಾಗೆ ಹೆಸರು ಲೆಫ್ಟಿ, ಆದ್ರೆ ಬೀಸ್ತಿದ್ದದ್ದು ಬಲಗೈಲಿ!

ಅಂಚೆ ಚೀಟಿಯ ಆ ಡಿಸೀವರ್ ಹುಟ್ಟಿದ್ದು 1950ರ ದಶಕದ ಕೊನೆಯಲ್ಲಿ, ಚೆಸಪೀಕ್ ಕೊಲ್ಲಿಯ ದೊಡ್ಡ ಪಟ್ಟೆಮೀನುಗಳಿಗೋಸ್ಕರ. ಉದ್ದ ಗರಿ, ಆದ್ರೆ ಬೀಸುವಾಗ ಕೊಕ್ಕೆಗೆ ಸುತ್ತಿಕೊಳ್ಳಲ್ಲ.

ನನಗೆ ಹೆಚ್ಚು ಇಷ್ಟ ಆಗಿದ್ದು ಇನ್ನೊಂದು ಗಾಳ, ಮೂರನೇ ಫೋಟೋದಲ್ಲಿದೆ. ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ನದಿಯ ಗೈಡ್ ಬಾಬ್ ಕ್ಲೌಸರ್, ಸೀಸದ ಎರಡು ಪುಟ್ಟ ಕಣ್ಣು ಕಟ್ಟಿ, ಆಳಕ್ಕೆ ಮುಳುಗೋ ಫ್ಲೈ ಮಾಡಿದ್ರು. ಅದಕ್ಕೆ 'ಕ್ಲೌಸರ್ ಡೀಪ್ ಮಿನ್ನೋ' ಅಂತ ಹೆಸರಿಟ್ಟು, ಪತ್ರಿಕೆಯಲ್ಲಿ ಬರೆದು ಲೋಕಕ್ಕೆ ಪರಿಚಯಿಸಿದ್ದು ಲೆಫ್ಟಿ. ಆಗ ಅವರ ಹೆಸರು ಹಾಕಿದ್ರೆ ಏನು ಬೇಕಾದ್ರೂ ಮಾರಾಟ ಆಗ್ತಿತ್ತು. ಹಾಕಿದ್ದು ಸ್ನೇಹಿತನ ಹೆಸರು.

2018ರ ಮಾರ್ಚ್ 14ರಂದು, 93ನೇ ವಯಸ್ಸಲ್ಲಿ ಮೇರಿಲ್ಯಾಂಡ್‌ನಲ್ಲೇ ತೀರಿಕೊಂಡ್ರು.

ನಿಮಗೆ ಗಾಳ ಹಾಕೋಕೆ ಕಲಿಸಿದ್ದು ಯಾರು? ಅಜ್ಜನಾ, ಮಾವನಾ, ಪಕ್ಕದ ಮನೆ ಅಣ್ಣನಾ? ಯಾವ ಕೆರೆ, ಯಾವ ಹೊಳೆ ಅಂತಾನೂ ಕಾಮೆಂಟಲ್ಲಿ ಬರೀರಿ.