ಅಳಿವೆ ಬಾಗಿಲಿಗೆ ಬಂದವರು

ಘಟ್ಟದಿಂದ ಇಳಿದು ಬರುವ ವಾರಾಹಿಗೆ ಕೆಳಗಿನ ಊರುಗಳಲ್ಲಿ ಹಾಲಾಡಿ ಹೊಳೆ ಎಂಬ ಹೆಸರೂ ಇದೆ. ಹಾಲಾಡಿಯನ್ನು ಹಾದು, ಬಸ್ರೂರನ್ನು ಬಳಸಿ, ಗಂಗೊಳ್ಳಿಯ ಅಳಿವೆಯಲ್ಲಿ ಅದು ಕಡಲು ಸೇರುತ್ತದೆ. ಆ ಅಳಿವೆಯ ಸುತ್ತಲಿನ ಪೇಟೆಗಳಲ್ಲಿ ಇಂದಿಗೂ ಕೊಂಕಣಿ ಮಾತು ಕಿವಿಗೆ ಬೀಳುತ್ತದೆ. ವೆಂಕಟರಮಣ ದೇವಸ್ಥಾನವೂ ಇಗರ್ಜಿಯೂ ಒಂದೇ ಊರಿನಲ್ಲಿ ಕಾಣಸಿಗುತ್ತವೆ. ಇವರು ಇಲ್ಲಿಗೆ ಬಂದದ್ದು ಏಕೆ?

ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಕೆಲವು ದಶಕಗಳಲ್ಲಿ ಅಲ್ಲಿನ ದೇವಸ್ಥಾನಗಳನ್ನು ಕೆಡವುವ ಕೆಲಸ ಆರಂಭವಾಯಿತು. 1560ರಲ್ಲಿ ‘ಇನ್‌ಕ್ವಿಸಿಶನ್’ ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯ ಬಂತು. ನಡುವೆ ಕೆಲವು ವರ್ಷ ನಿಂತಿದ್ದು ಬಿಟ್ಟರೆ 1812ರವರೆಗೂ ಅದು ನಡೆಯಿತು. ಮತಾಂತರಕ್ಕೆ ಒಪ್ಪದವರು ಊರು ಬಿಟ್ಟರು. ಮತಾಂತರಗೊಂಡವರಿಗೂ ನೆಮ್ಮದಿ ಇರಲಿಲ್ಲ. ಹಳೆಯ ಆಚಾರದ ಕುರುಹು ಕಂಡರೆ ವಿಚಾರಣೆ, ದಂಡನೆ. ಮೇಲಿಂದ ತೆರಿಗೆ, ಬರ, ಯುದ್ಧ. ಹೀಗೆ ಒಂದೇ ನೆಲದ ಸಾರಸ್ವತರೂ ಕ್ರೈಸ್ತರೂ ಬೇರೆ ಬೇರೆ ಕಾಲದಲ್ಲಿ ದಕ್ಷಿಣದ ದಾರಿ ಹಿಡಿದರು.

ಜನರಷ್ಟೇ ಅಲ್ಲ, ದೇವರೂ ಊರು ಬಿಟ್ಟ ಕಾಲವದು. ಕುಶಸ್ಥಳಿಯ ಮಂಗೇಶನನ್ನು ಭಕ್ತರು 1560ರಲ್ಲಿ ಪ್ರಿಯೋಳಕ್ಕೆ ಒಯ್ದರು. ಆ ಪ್ರದೇಶ ಆಗ ವಿಜಾಪುರದ ಆದಿಲಶಾಹಿ ಸುಲ್ತಾನರ ಅಧೀನದಲ್ಲಿತ್ತು. ಹಿಂದೂ ದೇವರಿಗೆ ಆಸರೆ ಸಿಕ್ಕಿದ್ದು ಮುಸ್ಲಿಂ ದೊರೆಯ ನೆಲದಲ್ಲಿ ಎಂಬುದನ್ನು ಮರೆಯಬಾರದು.

ಇತ್ತ ಕನ್ನಡ ಕರಾವಳಿ ಅಕ್ಕಿಯ ನಾಡು. ಬಸ್ರೂರಿನಿಂದ ಗೋವೆಗೇ ಅಕ್ಕಿ ಹೋಗುತ್ತಿತ್ತು. ವ್ಯಾಪಾರ ಬಲ್ಲವರು, ಬೇಸಾಯ ಬಲ್ಲವರು ಬಂದರೆ ಆಳುವವರಿಗೂ ಲಾಭವೇ. ಬಂದವರು ಅಂಗಡಿ ಇಟ್ಟರು, ಗದ್ದೆ ಮಾಡಿದರು. ಅವರ ಮನೆಮಾತು ಉಳಿಯಿತು. ಆದರೆ ಅದನ್ನು ಬರೆಯಲು ಕನ್ನಡ ಲಿಪಿಯನ್ನೇ ಬಳಸಿದರು. ‘ಹೊರಗಿನವರು ನಮ್ಮ ಭಾಷೆಯನ್ನು ಕೆಡಿಸುತ್ತಾರೆ’ ಎನ್ನುವವರು ಮಂಜೇಶ್ವರದ ಗೋವಿಂದ ಪೈಗಳನ್ನು ನೆನೆಯಬೇಕು. ಅವರ ಮನೆಮಾತು ಕೊಂಕಣಿ. 1949ರಲ್ಲಿ ಕನ್ನಡದ ರಾಷ್ಟ್ರಕವಿ ಎನಿಸಿಕೊಂಡವರೂ ಅವರೇ. ಪಂಜೆ ಮಂಗೇಶರಾಯರ ಮನೆಮಾತೂ ಕೊಂಕಣಿಯೇ. ಇಷ್ಟೇಕೆ, ಇಂದು ಕುಂದಾಪುರದ ಎಷ್ಟೋ ಹೆಂಗಸರಿಗೆ ಕಾರ್ಖಾನೆಯಲ್ಲಿ ಕೆಲಸ ಕೊಟ್ಟಿರುವ ಗೇರುಮರವೂ ಪೋರ್ಚುಗೀಸರ ಹಡಗಿನಲ್ಲಿ ಬ್ರೆಜಿಲ್‌ನಿಂದ ಬಂದದ್ದು!

ಈಗ ಕನ್ನಡಿಯನ್ನು ನಮ್ಮತ್ತ ತಿರುಗಿಸೋಣ. ನಾವು ಊರು ಬಿಟ್ಟಿಲ್ಲವೇ? ಬ್ರಹ್ಮಾವರ ಸೀಮೆಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಇಟ್ಟ ಹೋಟೆಲೇ ಮುಂದೆ ಎಂ.ಟಿ.ಆರ್. ಆಯಿತು. ನಮ್ಮ ಹಳ್ಳಿಗಳ ಹುಡುಗರು ಮುಂಬೈಗೆ ಹೋಗಿ ಲೋಟ ತೊಳೆದರು, ರಾತ್ರಿ ಶಾಲೆಯಲ್ಲಿ ಓದಿದರು, ಊರಿಗೆ ಮನಿಯಾರ್ಡರ್ ಕಳಿಸಿದರು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಅದೇ ಮುಂಬೈಯಲ್ಲಿ ‘ಲುಂಗಿಯವರನ್ನು ಓಡಿಸಿ’ ಎಂಬ ಕೂಗು ಎದ್ದಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ನಮ್ಮ ಕೆಲಸ ಕಸಿಯುತ್ತಾರೆ ಎಂಬುದೇ ಆಗಿನ ದೂರು. ಅಂದು ಆ ಮಾತಿಗೆ ಗುರಿಯಾದವರು ನಮ್ಮ ಮನೆಯ ಮಕ್ಕಳು.

2020ರ ಮೇ ತಿಂಗಳು ಇನ್ನೂ ಕಹಿಯಾದ ಪಾಠ ಕಲಿಸಿತು. ಕೊರೊನಾ ಕಾಲದಲ್ಲಿ ಮುಂಬೈಯಿಂದ ಸಾವಿರಾರು ಜನ ಕುಂದಾಪುರ, ಬೈಂದೂರು ಸೀಮೆಗೆ ಮರಳಿದರು. ಶಾಲೆ, ಹಾಸ್ಟೆಲುಗಳಲ್ಲಿ ಅವರನ್ನು ಇರಿಸಲಾಯಿತು. ಮರಳಿದವರಲ್ಲೇ ಸೋಂಕು ಹೆಚ್ಚು ಕಂಡಾಗ ‘ಮುಂಬೈಯವರು’ ಎಂಬ ಮಾತೇ ಬೈಗುಳದಂತಾಯಿತು. ಅವರ ಹಣದಿಂದ ಮನೆ ಎದ್ದಿತ್ತು, ದೈವಸ್ಥಾನಕ್ಕೆ ಹೊಸ ಮಾಡು ಬಂದಿತ್ತು. ಆದರೂ ಕೆಲವು ವಾರಗಳ ಮಟ್ಟಿಗೆ ಅವರು ಸ್ವಂತ ಊರಿನಲ್ಲೇ ಪರಕೀಯರಾದರು.

ವಲಸೆಗಾರ ಬೇರೆ, ನಿರಾಶ್ರಿತ ಬೇರೆ, ನಿಜ. ಮೊದಲಿನವನು ಹೊಟ್ಟೆಪಾಡಿಗೆ ಬಂದವನು, ಎರಡನೆಯವನು ಜೀವಭಯದಿಂದ ಓಡಿಬಂದವನು. ನಿರಾಶ್ರಿತರ ಹಕ್ಕುಗಳ ಕುರಿತ 1951ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಗಿದ್ದೂ ಕರ್ನಾಟಕವು 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಟಿಬೆಟನ್ನರಿಗೆ ನೆಲ ಕೊಟ್ಟಿತು. ಪೂರ್ವ ಬಂಗಾಳದಿಂದ ಬಂದವರಿಗೆ ಸಿಂಧನೂರಿನಲ್ಲಿ ನೆಲೆ ಕಲ್ಪಿಸಿತು. ಕಾಡು ಕಡಿದು ಮೆಕ್ಕೆಜೋಳ ಬೆಳೆದ ಆ ಟಿಬೆಟನ್ನರ ಮಠಗಳನ್ನು ನೋಡಲು ಇಂದು ನಾವೇ ಬಸ್ಸು ಮಾಡಿಕೊಂಡು ಹೋಗುತ್ತೇವೆ.

ಬಂದವರೆಲ್ಲ ಒಳ್ಳೆಯವರೇ ಎಂದು ಯಾರೂ ಹೇಳಬೇಕಾಗಿಲ್ಲ. ಇದ್ದವರೆಲ್ಲ ಒಳ್ಳೆಯವರೇನು? ತಪ್ಪು ಮಾಡಿದವನಿಗೆ ಕಾನೂನಿದೆ. ಒಬ್ಬನ ತಪ್ಪನ್ನು ಅವನ ಊರಿಗೆಲ್ಲ ಹಚ್ಚುವುದು ನ್ಯಾಯವಲ್ಲ. ಇಂದು ಕರಾವಳಿಯ ಬೋಟುಗಳಲ್ಲಿ ಒಡಿಶಾ, ಜಾರ್ಖಂಡಿನ ಹುಡುಗರು ಬಲೆ ಎಳೆಯುತ್ತಾರೆ. ಘಟ್ಟದಾಚೆಯ ಕುಟುಂಬಗಳು ನಮ್ಮ ರಸ್ತೆಗೆ ಜಲ್ಲಿ ಹಾಕುತ್ತವೆ. ಅವರನ್ನು ಕಂಡು ಹುಬ್ಬು ಗಂಟಿಕ್ಕುವ ಮೊದಲು, ನಮ್ಮ ಮನೆಯಿಂದ ಮುಂಬೈ ಬಸ್ಸು ಹತ್ತಿದವರನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಅವರಿಗೆ ಪರವೂರಿನಲ್ಲಿ ಎಂಥ ಮಾತು ಸಿಗಲಿ ಎಂದು ಬಯಸಿದ್ದೆವೋ, ಅಂಥ ಮಾತನ್ನೇ ಇವರಿಗೂ ಆಡಿದರೆ ಸಾಕು.