ಕ್ಯಾಮೆರಾ ಅಗ್ಗ ಆದ ಕಥಿ

ಮೊನ್ನೆ ದೀಪಾವಳಿಗೆ ಮನಿ ಝಾಡಿಸೂವಾಗ ತಿಜೋರಿ ಮ್ಯಾಲಿನ ಒಂದು ಬಿಸ್ಕೀಟ್ ಡಬ್ಬ್ಯಾಗ ನನ್ನ ಹಳೇ ಡಿಜಿಟಲ್ ಕ್ಯಾಮೆರಾ ಸಿಕ್ತು. ಮಗಳು ಅದನ್ನ ನೋಡಿ ನಕ್ಕು, "ಅಮ್ಮಾ, ಇದನ್ನ ಇನ್ನೂ ಇಟ್ಕೊಂಡೀಯೇನು? ನನ್ನ ಫೋನಿನ್ಯಾಗ ಇದರಕಿಂತ ನೂರು ಪಾಲು ಛಲೋ ಫೋಟೋ ಬರ್ತಾವ" ಅಂದ್ಲು. ಆಕಿ ಹೇಳಿದ್ದು ಖರೆ. ಆದ್ರ ಈ ಕ್ಯಾಮೆರಾ ನಮ್ಮ ಮನ್ಯಾಗ ಏನು ಮಾಡಿತು ಅನ್ನೂದು ಆಕಿಗೆ ಗೊತ್ತಿಲ್ಲ. ಅದನ್ನ ಹೇಳಬೇಕಂದ್ರ ಕ್ಯಾಮೆರಾ ಅಗ್ಗ ಆದ ಇತಿಹಾಸನ ಹೇಳಬೇಕಾಗ್ತದ. ಚಹಾ ಮಾಡ್ಕೊಂಡು ಕೂಡ್ರಿ, ಸ್ವಲ್ಪ ಉದ್ದನ ಕಥಿ.

ನಮ್ಮ ತವರುಮನಿ ಹಳೇ ಆಲ್ಬಮ್ಮಿನೊಳಗ ನಾನು ಸಣ್ಣಾಕಿ ಇದ್ದಾಗಿನ ಫೋಟೋ ಒಟ್ಟು ಹದಿನಾಲ್ಕು ಅವ. ಅಜ್ಜ ಕುರ್ಚಿ ಮ್ಯಾಲೆ ಕೂತದ್ದು, ಅಪ್ಪ ಕೋಟು ಹಾಕ್ಕೊಂಡು ನಿಂತದ್ದು, ನಾವು ಹುಡುಗರು ಸಾಲಾಗಿ ನಿಂತದ್ದು. ನಮ್ಮವ್ವ ಇರೂದು ಎರಡೇ ಎರಡರಾಗ. ಒಂದು ಆಕಿ ಲಗ್ನದ್ದು. ಇನ್ನೊಂದು ಅಣ್ಣನ ಮುಂಜವಿದು, ಅದರಾಗೂ ಕಂಬದ ಹಿಂದ ಅರ್ಧ ಮಾರಿ ಅಷ್ಟ ಕಾಣ್ತದ. ಅವ್ವ ಯಾವಾಗಲೂ ಅಡಗಿಮನ್ಯಾಗ ಇರ್ತಿದ್ಲು, ಅದಕ್ಕ ಫೋಟೋದಾಗ ಇಲ್ಲ ಅಂತ ನಾನು ಭಾಳ ವರ್ಷ ತಿಳ್ಕೊಂಡಿದ್ದೆ. ಈಗ ಅನ್ನಸ್ತದ, ಕಾರಣ ಅದೊಂದ ಅಲ್ಲ. ಒಂದು ಸಲ ಗುಂಡಿ ಒತ್ತಿದ್ರ ಎಷ್ಟು ರೊಕ್ಕ ಬೀಳ್ತದ ಅನ್ನೂದೂ ದೊಡ್ಡ ಕಾರಣ.

ಮೊದಲು ಫೋಟೋ ತೆಗಿಯೂದಂದ್ರ ದೊಡ್ಡ ಸಾಹಸ ಇತ್ತು. ಗಾಜಿನ ಪ್ಲೇಟು, ಮೂರು ಕಾಲಿನ ಸ್ಟ್ಯಾಂಡು, ಔಷಧದ ಬಾಟಲಿ, ಕತ್ತಲಿ ಮಾಡ್ಲಿಕ್ಕೆ ಡೇರೆ, ಇಷ್ಟೆಲ್ಲಾ ಹೊತಗೊಂಡು ಹೋಗಬೇಕು. ಅಮೆರಿಕಾದ ರಾಚೆಸ್ಟರ್ ಊರಾಗ ಜಾರ್ಜ್ ಈಸ್ಟ್‌ಮನ್ ಅಂತ ಒಬ್ಬ ಬ್ಯಾಂಕ್ ಕ್ಲಾರ್ಕ್ ಇದ್ದ. ಸಣ್ಣವ ಇದ್ದಾಗನ ತಂದಿ ತೀರಿಹೋಗಿದ್ದ, ತಾಯಿ ಮನ್ಯಾಗ ಬಾಡಿಗಿಗೆ ಮಂದಿ ಇಟ್ಕೊಂಡು ಊಟಾ ಹಾಕಿ ಸಂಸಾರ ನಡಸ್ತಿದ್ಲು. ಅಂವ ಹದಿನಾಲ್ಕನೇ ವಯಸ್ಸಿಗೆ ಸಾಲಿ ಬಿಟ್ಟು ಕೆಲಸಕ್ಕ ಹತ್ತಿದಾಂವ. ಅಷ್ಟು ಸಾಮಾನು ಹೊರೂದು ಅವನಿಗೆ ಸೇರಲಿಲ್ಲ. ಗಾಜಿನ ಬದಲಿ ಸುತ್ತಿಡೂ ಫಿಲ್ಮು ತಯಾರು ಮಾಡಿದ, 1888ರಲ್ಲಿ ಕೊಡ್ಯಾಕ್ ಅನ್ನೂ ಹೆಸರಿಲೆ ಕ್ಯಾಮೆರಾ ತಂದ. ಬೆಲಿ 25 ಡಾಲರ್. ಅದರೊಳಗ ನೂರು ಫೋಟೋದ ಫಿಲ್ಮು ತುಂಬಿನ ಬರ್ತಿತ್ತು. ನೂರೂ ಮುಗದ ಮ್ಯಾಲೆ ಇಡೀ ಕ್ಯಾಮೆರಾನ ರಾಚೆಸ್ಟರಿಗೆ ಕಳಸೂದು, ಹತ್ತು ಡಾಲರ್ ಕೊಟ್ರ ಅವರು ಫೋಟೋ ತೊಳದು, ಹೊಸ ಫಿಲ್ಮು ತುಂಬಿ ವಾಪಸ್ ಕಳಸ್ತಿದ್ರು. ನೀವು ಗುಂಡಿ ಒತ್ರಿ, ಉಳಿದದ್ದು ನಾವು ನೋಡ್ಕೋತೀವಿ ಅನ್ನೂದು ಅವರ ಜಾಹೀರಾತು.

ಸುಲಭ ಆತು, ಆದ್ರ 25 ಡಾಲರ್ ಸಾಮಾನ್ಯ ಮಂದಿ ಕೈಗೆ ಎಟುಕೂ ಹಂಗ ಇರಲಿಲ್ಲ. ಖರೇ ಅಗ್ಗದ ಕ್ಯಾಮೆರಾ ಬಂದದ್ದು 1900ರಲ್ಲಿ. ಹೆಸರು ಬ್ರೌನಿ, ಬೆಲಿ ಒಂದೇ ಡಾಲರ್. ರಟ್ಟಿನ ಡಬ್ಬಿ, ಮ್ಯಾಲೆ ಚರ್ಮದಂಥಾ ಹೊದಿಕಿ, ಮುಂದ ಒಂದು ಸಾದಾ ಮಸೂರ. ಸಣ್ಣ ಹುಡುಗರೂ ತೆಗೀಬೇಕು ಅಂತನ ಮಾಡಿದ್ದು. ಮೊದಲನೇ ವರ್ಷದಾಗನ ಒಂದು ಲಕ್ಷಕ್ಕಿಂತ ಹೆಚ್ಚು ಮಾರಾಟ ಆದ್ವು.

ಇಲ್ಲೊಂದು ಲೆಕ್ಕ ನೋಡ್ರಿ. ಕ್ಯಾಮೆರಾ ಒಂದು ಡಾಲರ್, ಆರು ಫೋಟೋದ ರೋಲು 15 ಸೆಂಟ್. ಏಳು ರೋಲು ತಗೊಂಡ್ರ ಕ್ಯಾಮೆರಾದ ಬೆಲಿ ದಾಟಿಹೋತು. ತೊಳ್ಯೂದು, ಪ್ರಿಂಟು ಹಾಕ್ಸೂದು ಬ್ಯಾರೆ. ಕಂಪನಿಯವರು ಶಾಣ್ಯಾರು. ಕ್ಯಾಮೆರಾ ಅಗ್ಗ ಕೊಟ್ಟು ಲಾಭ ಫಿಲ್ಮಿನ್ಯಾಗ ತಗದ್ರು. ನಮ್ಮಜ್ಜಿ ಹೇಳ್ತಿದ್ಲು, ಎಮ್ಮಿ ಅಗ್ಗಕ್ಕ ಸಿಕ್ತಂತ ಹಿಗ್ಗಬ್ಯಾಡ್ರಿ, ಹಿಂಡಿ ಹೊಟ್ಟಿನ ಲೆಕ್ಕ ಮೊದಲು ಹಾಕ್ರಿ ಅಂತ. ಕ್ಯಾಮೆರಾಕ್ಕೂ ಅದ ಮಾತು. ಮುಂದ ಸುಮಾರು ನೂರು ವರ್ಷ ಇದ ಲೆಕ್ಕ ನಡೀತು.

ನಮ್ಮ ಕಡೆ ಮಧ್ಯಮ ವರ್ಗದ ಮನಿಗೋಳಿಗೆ ಬಂದ ಕ್ಯಾಮೆರಾ ಅಂದ್ರ ಆಗ್ಫಾ ಕ್ಲಿಕ್ ಥ್ರೀ. ವಡೋದರಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್‌ದವರು ಅದನ್ನ ನಮ್ಮ ದೇಶದಾಗನ ತಯಾರು ಮಾಡ್ತಿದ್ರು. ಎಪ್ಪತ್ತರ ದಶಕದಾಗ ನಮ್ಮ ಕಾಕಾನ ಹತ್ರ ಒಂದಿತ್ತು. ಅದಕ್ಕ ಹಾಕೂದು 120 ನಂಬರಿನ ರೋಲು, ಒಂದು ರೋಲಿಗೆ ಹನ್ನೆರಡು ಚೌಕ ಫೋಟೋ. ಈ 120 ನಂಬರಿನ ಫಿಲ್ಮನ್ನ ಕೊಡ್ಯಾಕ್‌ದವರು 1901ರಲ್ಲಿ ಎರಡನೇ ನಂಬರಿನ ಬ್ರೌನಿ ಸಲುವಾಗಿ ತಂದಿದ್ರು. ಎಲ್ಲಿ ರಾಚೆಸ್ಟರು, ಎಲ್ಲಿ ಧಾರವಾಡ! ಊಟಿಯೊಳಗ ಸರ್ಕಾರದ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಿಂದ ಶುರು ಆಗಿ, ಇಂದು ಅನ್ನೂ ಹೆಸರಿಲೆ ನಮ್ಮದೇ ಫಿಲ್ಮೂ ಬರ್ಲಿಕತ್ತಿತ್ತು.

ಆದ್ರ ಹನ್ನೆರಡು ಅಂದ್ರ ಹನ್ನೆರಡ. ಕಾಕಾ ಒಂದು ರೋಲು ಹಾಕಿದ್ರ ಒಂದು ದಸರೆದಿಂದ ಇನ್ನೊಂದು ದಸರೆ ತನಕ ನಡಸ್ತಿದ್ದ. ಬೆನ್ನಿಗೆ ಬಿಸಿಲು ಇಟ್ಕೊಂಡು ನಿಂತು, "ಯಾರೂ ಅಳ್ಳಾಡಬ್ಯಾಡ್ರಿ, ಉಸಿರು ಹಿಡೀರಿ" ಅಂತ ಒದರಿ, ಎಲ್ಲಾರೂ ಕಣ್ಣು ಪಿಳಿಪಿಳಿ ಮಾಡೂದು ನಿಂತ ಮ್ಯಾಲೆ ಒತ್ತತಿದ್ದ. "ವೈನೀ, ನೀವೂ ಬರ್ರಿ" ಅಂತ ಕರದ್ರ ಅವ್ವ ಒಳಗಿಂದನ, "ನಂದೇನು ತೆಗೀತೀರಿ, ಸುಮ್ಮನ ರೋಲು ಹಾಳು. ಹುಡುಗರದು ತೆಗೀರಿ" ಅಂತಿದ್ಲು. ಮನ್ಯಾಗ ತುಪ್ಪ ಸ್ವಲ್ಪ ಇದ್ರ ಅವ್ವ ಬಡಿಸ್ಕೋತಿರಲಿಲ್ಲ ನೋಡ್ರಿ, ಹಂಗ ಫೋಟೋನೂ ಬಡಿಸ್ಕೊಳ್ಳಲಿಲ್ಲ.

ಆಮ್ಯಾಲೆ ಕ್ಯಾಮೆರಾ ಇನ್ನೂ ಸುಲಭ ಆದ್ವು. ಕೊಡ್ಯಾಕ್‌ದವರು 1963ರಲ್ಲಿ ತಂದ ಇನ್‌ಸ್ಟಾಮ್ಯಾಟಿಕ್‌ಕ್ಕ ರೋಲು ಸುತ್ತೂ ತ್ರಾಸನ ಇರಲಿಲ್ಲ, ಫಿಲ್ಮಿನ ಡಬ್ಬಿ ಒಳಗ ಇಟ್ಟು ಬಾಗಲಾ ಮುಚ್ಚಿದ್ರ ಮುಗೀತು. 1970ರೊಳಗ ಐದು ಕೋಟಿ ಮಾರಾಟ ಆಗಿದ್ವು. ನಮ್ಮಲ್ಲಿ ಎಂಬತ್ತರ ದಶಕದಾಗ ಹಾಟ್ ಶಾಟ್ ಬಂತು, ತೊಂಬತ್ತರ ದಶಕದಾಗ ಕೊಡ್ಯಾಕ್ ಕೆಬಿ 10 ಬಂತು. ನಮ್ಮನಿಯವರು ಮಗಳ ಬಾರಸಿಗೆ ಗೆಳೆಯಾರ ಕಡಿಂದ ಕೆಬಿ 10 ಇಸ್ಕೊಂಡು ಬಂದಿದ್ರು. 36ರ ರೋಲು, ತೊಳ್ಯೂದು, ಪ್ರಿಂಟು ಎಲ್ಲಾ ಕೂಡಿ ಮುನ್ನೂರು ರೂಪಾಯಿ ಸಮೀಪ ಹೋತು. ಒಂದು ಫೋಟೋಕ್ಕ ಎಂಟು ರೂಪಾಯಿ ಮ್ಯಾಲೆ, ಅಂದ್ರ ಆಗಿನ ಅರ್ಧ ಲೀಟರ್ ಹಾಲಿನ ರೊಕ್ಕ. ಕೂಸಿಗೆ ಹಾಲೋ ಫೋಟೋನೋ ಅಂದ್ರ ಯಾರಾದ್ರೂ ಏನು ಹೇಳ್ತಾರ?

ಈ ಲೆಕ್ಕ ಮುರಿದಿದ್ದೂ ಅದ ರಾಚೆಸ್ಟರಿನ್ಯಾಗ. 1975ರ ಡಿಸೆಂಬರದಾಗ ಕೊಡ್ಯಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಅನ್ನೂ ತರುಣ ಎಂಜಿನಿಯರ್ ಫಿಲ್ಮ್ ಇಲ್ಲದ ಕ್ಯಾಮೆರಾ ಮಾಡಿದ. ತೂಕ ಮೂರೂವರಿ ಕಿಲೋಕ್ಕಿಂತ ಹೆಚ್ಚು. ಒಂದು ಫೋಟೋ ಕ್ಯಾಸೆಟ್ಟಿಗೆ ಇಳೀಲಿಕ್ಕೆ 23 ಸೆಕೆಂಡು. ಚುಕ್ಕಿ ನೂರು ಅಡ್ಡ, ನೂರು ಉದ್ದ, ಕೂಡಿ ಹತ್ತು ಸಾವಿರ ಅಷ್ಟ. ಮೊದಲು ಅವನ ಮುಂದ ಕೂತಾಕಿ ಯಾರು ಗೊತ್ತದ ಏನು? ಅದ ಕಟ್ಟಡದ ಲ್ಯಾಬಿನ್ಯಾಗ ಕೆಲಸಾ ಮಾಡೂ ಒಬ್ಬ ಹೆಣ್ಣುಮಗಳು. ಟಿವಿ ಮ್ಯಾಲೆ ನೋಡಿದ್ರ ಕೂದಲ ಕಾಣ್ತು, ಮಾರಿ ಪೂರಾ ಕಲಸಿಹೋಗಿತ್ತು. ಇನ್ನೂ ಕೆಲಸ ಬಾಕಿ ಅದ ಅಂತ ಹೇಳಿ ಆಕಿ ಎದ್ದು ಹೋದ್ಲು. ವೈರು ಅದಲುಬದಲು ಮಾಡಿದ ಮ್ಯಾಲೆ ಮಾರಿ ಸರಿ ಬಂತು. ಕಂಪನಿಯ ಹಿರಿಯರು ಮಾತ್ರ, ಟಿವಿಯೊಳಗ ಫೋಟೋ ಯಾರು ನೋಡ್ತಾರ ಅಂತ ಕೇಳಿದ್ರಂತ. ಅವರ ಸಂಸಾರ ನಡಿಯೂದು ಫಿಲ್ಮಿನ ಮ್ಯಾಲೆ, ಪಾಪ.

ಮಂದಿ ಕೈಗೆ ಬರ್ಲಿಕ್ಕೆ ಇನ್ನೂ ಇಪ್ಪತ್ತು ವರ್ಷ ಬೇಕಾತು. 1995ರಲ್ಲಿ ಜಪಾನಿನ ಕ್ಯಾಸಿಯೋದವರು ಕ್ಯೂವಿ 10 ಅನ್ನೂದನ್ನ ತಂದ್ರು. ಮಂದಿಗೆ ಮಾರಿದ ಡಿಜಿಟಲ್ ಕ್ಯಾಮೆರಾದಾಗ ಹಿಂದ ಸಣ್ಣ ಪರದೆ ಬಂದದ್ದು ಅದಕ್ಕ ಮೊದಲು, ತಗದ ಫೋಟೋ ಅಲ್ಲೇ ನೋಡಬಹುದು. ಬೆಲಿ 65,000 ಯೆನ್. ಮುಂದ ಹತ್ತು ಹನ್ನೆರಡು ವರ್ಷದಾಗ ಬೆಲಿ ಇಳೀತಾ ಇಳೀತಾ ನನ್ನಂಥಾಕಿ ಡಬ್ಬಿ ತನಕ ಬಂತು.

ಡಬ್ಬಿ ಅಂದ್ರ ಸಾಸಿವಿ ಡಬ್ಬಿ. ನಾನು ಮನ್ಯಾಗ ಸೀರಿಗೆ ಫಾಲ್ ಹಚ್ಚತಿದ್ದೆ, ಒಂದು ಸೀರಿಗೆ 25 ರೂಪಾಯಿ. 2008ರಲ್ಲಿ ಕ್ಯಾಮೆರಾ, ಮೆಮೊರಿ ಕಾರ್ಡು, ಚಾರ್ಜ್ ಮಾಡೂ ಸೆಲ್ಲು ಎಲ್ಲಾ ಕೂಡಿ 6,500 ರೂಪಾಯಿ ಆತು. ಅಂದ್ರ 260 ಸೀರಿ. ಅದಕ್ಕ ಅಂಗಡ್ಯಾಗ ಅಂವ ಹೇಳಿದ್ದಕ್ಕ ತಲಿ ಹಾಕದ ಕೇಳಿ ಕೇಳಿ ತಗೊಂಡೆ. ಅಂವ, "ಹತ್ತು ಮೆಗಾಪಿಕ್ಸೆಲ್ ಇಲ್ಲದ ಫೋಟೋ ಬರೂದ ಇಲ್ಲ ಮೇಡಂ" ಅಂದ. ನಾನು ಪಿಯುಸಿ ಓದಿದಾಕಿ, ಗುಣಾಕಾರ ಬರ್ತದ. ಆರು ಇಂಚು ಉದ್ದ, ನಾಲ್ಕು ಇಂಚು ಅಗಲದ ಫೋಟೋಕ್ಕ ಇಂಚಿಗೆ 300 ಚುಕ್ಕಿ ಅಂದ್ರ 1,800 ಗುಣಿಸು 1,200. ಸುಮಾರು ಇಪ್ಪತ್ತೊಂದೂವರಿ ಲಕ್ಷ ಚುಕ್ಕಿ, ಎರಡು ಮೆಗಾಪಿಕ್ಸೆಲ್ಲಿಗಿಂತ ಸ್ವಲ್ಪ ಹೆಚ್ಚು. ನಾವೇನು ಗ್ವಾಡಿ ತುಂಬ ಫೋಟೋ ಹಾಕ್ತೀವೇನು? ಅಗ್ಗದ್ದ ಸಾಕು ಅಂದೆ. ಡಿಜಿಟಲ್ ಝೂಮ್ ಅಂದ್ರ ಇದ್ದ ಚಿತ್ರಾನ ಹಿಗ್ಗಿಸೂದು ಅಷ್ಟ, ಖರೇ ಹತ್ರ ತರೂದು ಮಸೂರದ ಝೂಮು, ಇದೂ ಕೇಳಿ ತಿಳ್ಕೊಂಡೆ. ಎರಡು ಪೆನ್ಸಿಲ್ ಸೆಲ್ಲಿಲೆ ನಡಿಯೂದು ಆರಿಸಿದೆ. ಸಾದಾ ಸೆಲ್ಲು ಲಗೂನ ಮುಗೀತಾವ ಅಂತ ಎರಡ ದಿವಸಕ್ಕ ಗೊತ್ತಾತು, ಚಾರ್ಜ್ ಮಾಡೂ ಸೆಲ್ಲಿಗೆ ಕೊಟ್ಟ ರೊಕ್ಕನ ಛಲೋ ರೊಕ್ಕ.

ಮರುವಾರ ತವರುಮನಿಗೆ ಹೋದೆ. ಅವ್ವ ಪಡಸಾಲ್ಯಾಗ ಮರದಾಗ ಅಕ್ಕಿ ಹಸನ ಮಾಡ್ಲಿಕತ್ತಿದ್ಲು. ಕ್ಯಾಮೆರಾ ಎತ್ತಿದ ಕೂಡಲೇ ಅದ ಹಳೇ ಮಾತು, "ನಂದೇನು ತೆಗೀತಿ, ಸುಮ್ಮನ ರೋಲು ಹಾಳು." ನಾನು, "ಅವ್ವಾ, ಇದಕ್ಕ ರೋಲ ಇಲ್ಲ. ನೂರು ತಗದ್ರೂ ರೊಕ್ಕ ಬೀಳೂದಿಲ್ಲ. ಬ್ಯಾಡಾದ್ದು ಅಳಿಸಿದ್ರಾತು" ಅಂದೆ. ಆಕಿ ನಂಬಲಿಲ್ಲ. ಒಂದು ತಗದು ತೋರಿಸಿ, ಅಳಿಸಿ, ಇನ್ನೊಂದು ತಗದು ತೋರಿಸಿದೆ. ಆವಾಗ ಮರ ಬಾಜೂಕ ಇಟ್ಟು, ಸೆರಗು ಸರಿ ಮಾಡ್ಕೊಂಡು, "ಹಂಗಾರ ತೆಗಿ" ಅಂದ್ಲು. ಅರವತ್ತೇಳು ವರ್ಷದ ನಮ್ಮವ್ವ ತಾನಾಗಿ ಫೋಟೋಕ್ಕ ಕೂತದ್ದು ನಾನು ನೋಡಿದ್ದು ಅದ ಮೊದಲು.

ಆಮ್ಯಾಲೆ ಹೋದಾಗೆಲ್ಲಾ ತಗದೆ. ಭಕ್ಕರಿ ಬಡಿಯೂದು, ತುಳಸಿಗೆ ನೀರು ಹಾಕೂದು, ಬತ್ತಿ ಹೊಸಿಯೂದು, ಬಾಯಾಗ ಹಲ್ಲಿಲ್ಲದ ನಗೂದು. ಕಂಪ್ಯೂಟರಿನ್ಯಾಗ ಸಾವಿರಗಟ್ಟಲೆ ಆದ್ವು. ಅವ್ವಗ ಮಾತ್ರ ಪರದೆ ಮ್ಯಾಲೆ ನೋಡಿದ್ರ ಸಮಾಧಾನ ಇಲ್ಲ, "ಕೈಯಾಗ ಕೊಡು, ಗಡಿಬಿಡಿ ಇಲ್ಲದ ನೋಡ್ತೀನಿ" ಅಂತಿದ್ಲು. ಹಂಗಾಗಿ ನಲವತ್ತೊಂದು ಪ್ರಿಂಟು ಹಾಕ್ಸಿ ಕೊಟ್ಟಿದ್ದೆ. 2013ರಲ್ಲಿ ಅವ್ವ ಹೋದ್ಲು. ಮರುವರ್ಷ ಕಂಪ್ಯೂಟರ್ ಕೆಟ್ಟಿತು, ರಿಪೇರಿಯವರು ಒಳಗಿನದು ಏನೂ ಸಿಗೂದಿಲ್ಲ ಅಂದ್ರು. ಬ್ಯಾರೆ ಕಡೆ ಪ್ರತಿ ಇಟ್ಟಿರಲಿಲ್ಲ, ಅದು ನನ್ನ ತಪ್ಪ. ಈಗ ಉಳಿದದ್ದು ಅವ್ವ ಕೇಳಿ ಇಸ್ಕೊಂಡ ಆ ನಲವತ್ತೊಂದು ಅಷ್ಟ.

ಆ ಕ್ಯಾಮೆರಾಗಳ ಕಾಲಾನೂ ಮುಗೀತು. 2010ರಲ್ಲಿ ಜಗತ್ತಿನ್ಯಾಗ ಹನ್ನೆರಡು ಕೋಟಿ ಮ್ಯಾಲೆ ಡಿಜಿಟಲ್ ಕ್ಯಾಮೆರಾ ಅಂಗಡಿಗೋಳಿಗೆ ಹೋಗಿದ್ವು, ಅದ ಶಿಖರ. ಆಮ್ಯಾಲೆ ಫೋನು ಬಂದು ಎಲ್ಲಾ ನುಂಗಿತು. ಕೊಡ್ಯಾಕ್ 2012ರ ಜನವರಿಯಾಗ ದಿವಾಳಿ ಅರ್ಜಿ ಹಾಕಿ, ಅದ ವರ್ಷ ಡಿಜಿಟಲ್ ಕ್ಯಾಮೆರಾ ಮಾಡೂದನ್ನೂ ಬಿಟ್ಟಿತು. ಒಂದು ಡಾಲರಿಗೆ ಮಂದಿ ಕೈಗೆ ಕ್ಯಾಮೆರಾ ಕೊಟ್ಟವರು, ಫಿಲ್ಮ್ ಇಲ್ಲದ ಕ್ಯಾಮೆರಾ ಮೊದಲು ಮಾಡಿದವರೂ ಅವರ.

ಆ ನಲವತ್ತೊಂದರಾಗ ಒಂದರೊಳಗ ನಾನಿದ್ದೀನಿ. ಅವತ್ತು ಅವ್ವ, "ಎಲ್ಲಾರದೂ ನೀನ ತೆಗೀತಿ, ನಿಂದು ಯಾರು ತೆಗೀಬೇಕು? ತಾ ಇಲ್ಲೆ" ಅಂತ ಇಸ್ಕೊಂಡ್ಲು. ಎಲ್ಲಿ ಒತ್ತಬೇಕು ಅಂತ ಅಷ್ಟ ತೋರಿಸಿದೆ. ಜನ್ಮದಾಗ ಕ್ಯಾಮೆರಾ ಮುಟ್ಟದಾಕಿ ಒತ್ತೇಬಿಟ್ಲು. ನನ್ನ ತಲಿ ಮ್ಯಾಲಿಂದ ಕಟ್ ಆಗ್ಯದ, ಕಾಲಕಡೆ ಅವ್ವನ ಅಕ್ಕಿ ಮರ ಬಂದದ. ಅಂಗಡಿಯವರು ಪ್ರಿಂಟು ಹಾಕೂವಾಗ, "ಇದು ಕೆಟ್ಟದ, ಬಿಡ್ಲೇನು?" ಅಂತ ಕೇಳಿದ್ರು. ಬ್ಯಾಡ, ಹಾಕ್ರಿ ಅಂದೆ. ನಿಮ್ಮ ಫೋನಿನ್ಯಾಗೂ ಸಾವಿರ ಫೋಟೋ ಇದ್ದೀತು. ಈ ವರ್ಷ ಹತ್ತಾದ್ರೂ ಪ್ರಿಂಟು ಹಾಕ್ಸಿ ಇಡ್ರಿ. ಮತ್ತ ಒಂದು ಸಲ ಫೋನು ನಿಮ್ಮವ್ವನ ಕೈಯಾಗ ಕೊಟ್ಟು, ನೀವು ಎದುರಿಗೆ ನಿಂದರ್ರಿ.