ಬಜಪೆಯ ಗಾಳಿ ಮತ್ತು ಅಲಗಿನ ಕೋನ: ಲಘು ವಿಮಾನದ ಪಿಚ್ ಹೊಂದಾಣಿಕೆ ಕುರಿತ ಟಿಪ್ಪಣಿ

ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 890 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಬಜಪೆ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿದ್ದರೂ ಅದರ ಎತ್ತರ ಸುಮಾರು 100 ಮೀಟರ್ ಮಾತ್ರ. ಉಷ್ಣಾಂಶ ಸಮನಾಗಿದ್ದರೆ ಬೆಂಗಳೂರಿನ ಗಾಳಿ ಶೇ 9ರಷ್ಟು ತೆಳು. ಅಲ್ಲಿ ಪ್ರೊಪೆಲ್ಲರಿನ ಪಿಚ್ ಹೊಂದಿಸಿದ ಲಘು ವಿಮಾನ ಬಜಪೆಗೆ ಬಂದಾಗ ಅಲಗಿನ ಕೋನವನ್ನು ಮತ್ತೆ ತಿದ್ದಬೇಕೆ? ದಟ್ಟ ಗಾಳಿಯಲ್ಲಿ ಎಂಜಿನ್ನಿಗೆ ಹೊರೆ ಹೆಚ್ಚುವುದರಿಂದ ಕೋನ ಇಳಿಸಬೇಕು ಎಂದು ಮೇಲ್ನೋಟಕ್ಕೆ ತೋರುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ.

ಪ್ರೊಪೆಲ್ಲರ್ ಹೀರುವ ಶಕ್ತಿ ಗಾಳಿಯ ಸಾಂದ್ರತೆಗೂ ಸುತ್ತುವೇಗದ ಘನಕ್ಕೂ ಅನುಪಾತದಲ್ಲಿರುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊಚಾರ್ಜರ್ ಇಲ್ಲದ ಎಂಜಿನ್ ಉಸಿರಾಡುವುದೂ ಅದೇ ಗಾಳಿಯನ್ನೇ. ಆದ್ದರಿಂದ ಶಕ್ತಿ, ಹೊರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಏರಿಳಿಯುತ್ತವೆ. ಒಳಘರ್ಷಣೆಯ ನಷ್ಟವನ್ನು ಸೇರಿಸಿದರೂ, ನಿಂತಲ್ಲೇ ಪೂರ್ಣ ಥ್ರಾಟಲ್ ಕೊಟ್ಟಾಗಿನ ಸುತ್ತುವೇಗ ಎರಡು ಊರುಗಳ ನಡುವೆ ಸುಮಾರು ಅರ್ಧ ಶೇಕಡದಷ್ಟು ಮಾತ್ರ ವ್ಯತ್ಯಾಸವಾಗುತ್ತದೆ.

ಟರ್ಬೊಚಾರ್ಜರ್ ಇದ್ದರೆ ಚಿತ್ರವೇ ಬೇರೆ. ಬೆಂಗಳೂರಿನ ರಾಷ್ಟ್ರೀಯ ಏರೋಸ್ಪೇಸ್ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ, 1993ರಲ್ಲಿ ಮೊದಲು ಹಾರಿದ ಹಂಸ ವಿಮಾನದ ಹಂಸ-3 ಮಾದರಿಯಲ್ಲಿ ರೋಟಾಕ್ಸ್ 914 ಎಂಜಿನ್ ಇದೆ. ಅದರ ಗರಿಷ್ಠ ಸುತ್ತುವೇಗ ನಿಮಿಷಕ್ಕೆ 5,800. ತೆಳುಗಾಳಿಯಲ್ಲೂ ಶಕ್ತಿ ಕುಗ್ಗದಿರುವಾಗ ಹೊರೆ ಮಾತ್ರ ಇಳಿಯುತ್ತದೆ. ಬಜಪೆಯಲ್ಲಿ ಮಿತಿಗೆ ಸರಿಯಾಗಿ ಹೊಂದಿಸಿದ ಕೋನ ಬೆಂಗಳೂರಿನಲ್ಲೂ ಬದಲಾಗದಿದ್ದರೆ ಸುತ್ತುವೇಗ ಶೇ 3ರಷ್ಟು ಏರಿ ಮಿತಿ ಮೀರುತ್ತದೆ. ಹಂಸ-3ರಲ್ಲಿ ಹಾರಾಟದಲ್ಲೇ ಕೋನವನ್ನು ತಾನಾಗಿ ತಿದ್ದಿಕೊಳ್ಳುವ ಸ್ಥಿರವೇಗದ ಪ್ರೊಪೆಲ್ಲರ್ ಇರುವುದು ಈ ಕಾರಣಕ್ಕೂ ಅರ್ಥಪೂರ್ಣ.

ಮಂಗಳೂರಿನಲ್ಲಿ ಎತ್ತರಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ತೇವಾಂಶ. 32 ಡಿಗ್ರಿ ಸೆಲ್ಸಿಯಸ್ ಸೆಖೆ, ಶೇ 75 ಆರ್ದ್ರತೆ ಇದ್ದಾಗ ಗಾಳಿಯ ಒತ್ತಡದಲ್ಲಿ ನೀರಾವಿಯ ಪಾಲು ಸುಮಾರು ಶೇ 3.6. ಅಷ್ಟರಮಟ್ಟಿಗೆ ಎಂಜಿನ್ನಿಗೆ ಆಮ್ಲಜನಕ ಕಡಿಮೆಯಾಗುತ್ತದೆ. ಆದರೆ ಸಾಂದ್ರತೆ ಇಳಿಯುವುದು ಶೇ 1.4ರಷ್ಟು ಮಾತ್ರ. ಹೊರೆಗಿಂತ ಶಕ್ತಿ ಹೆಚ್ಚು ಕುಗ್ಗುವುದರಿಂದ, ಅದೇ ಉಷ್ಣಾಂಶದ ಒಣಗಾಳಿಗೆ ಹೋಲಿಸಿದರೆ ಸುತ್ತುವೇಗ ಸುಮಾರು ಮುಕ್ಕಾಲು ಶೇಕಡ ಕುಸಿಯಬಹುದು. ಎತ್ತರದ ಪರಿಣಾಮಕ್ಕಿಂತ ಇದು ದೊಡ್ಡದು. ಕರಾವಳಿಯಲ್ಲಿ ಸುತ್ತುವೇಗ ತುಸು ತಗ್ಗಿದ್ದನ್ನು ಕಂಡೊಡನೆ ಪಿಚ್ ತಪ್ಪಿದೆ ಎಂದು ತೀರ್ಮಾನಿಸಬಾರದು.

ನೆಲದ ಮೇಲೆ ಹೊಂದಿಸುವ ಪ್ರೊಪೆಲ್ಲರಿನಲ್ಲಿ ಕೋನವನ್ನು ತಯಾರಕರು ಸೂಚಿಸಿದ ಬಿಂದುವಿನಲ್ಲಿ, ಸಾಮಾನ್ಯವಾಗಿ ತ್ರಿಜ್ಯದ ಮುಕ್ಕಾಲು ಭಾಗದ ಆಸುಪಾಸಿನಲ್ಲಿ, ಅಳೆಯುತ್ತಾರೆ. ಅಲಗುಗಳ ಕೋನ ಪರಸ್ಪರ ಸಮವಾಗಿರುವುದು ಕೋನ ಎಷ್ಟೆಂಬುದರಷ್ಟೇ ಮುಖ್ಯ. ಸಮವಿಲ್ಲದಿದ್ದರೆ ಕಂಪನ ಹುಟ್ಟುತ್ತದೆ. ಒಂದು ಡಿಗ್ರಿ ತಿರುಗಿಸಿದರೂ ಸುತ್ತುವೇಗ ಮೇಲಿನ ವ್ಯತ್ಯಾಸಗಳಿಗಿಂತ ಬಹಳ ಹೆಚ್ಚು ಬದಲಾಗುತ್ತದೆ. ಹವೆಯ ಏರಿಳಿತವನ್ನು ಕೋನದಿಂದ ಸರಿಪಡಿಸಹೊರಟರೆ ತಿದ್ದುಪಡಿಯೇ ದೋಷಕ್ಕಿಂತ ದೊಡ್ಡದಾದೀತು.

ಟರ್ಬೊಚಾರ್ಜರ್ ಇಲ್ಲದ ವಿಮಾನದಲ್ಲಿ ಕೋನವನ್ನು ನಿರ್ಧರಿಸಬೇಕಾದದ್ದು ಊರಿನ ಎತ್ತರವಲ್ಲ, ವಿಮಾನದ ಕೆಲಸ: ಬೇಗ ಮೇಲೇರಲು ಸಣ್ಣ ಕೋನ, ದೂರದ ಪಯಣಕ್ಕೆ ದೊಡ್ಡ ಕೋನ. ಬಜಪೆಯಿಂದ ಘಟ್ಟ ದಾಟಬೇಕಾದ ವಿಮಾನಕ್ಕೆ ಮೊದಲನೆಯದರತ್ತ ಒಲವು ಸರಿ, ಅದೂ ಅನುಮೋದಿತ ಮಿತಿಯೊಳಗೆ. ಪರೀಕ್ಷೆಯ ದಾಖಲೆಯಲ್ಲಿ ಸುತ್ತುವೇಗದ ಪಕ್ಕದಲ್ಲೇ ಉಷ್ಣಾಂಶ, ಒತ್ತಡ, ಆರ್ದ್ರತೆಗಳನ್ನೂ ಬರೆದಿಡಬೇಕು. ಅವಿಲ್ಲದೆ ಎರಡು ಊರುಗಳ ಅಂಕಿಗಳನ್ನು ಹೋಲಿಸಲಾಗದು.